ರೋಮಿನ ರಾಣಿಗೆ ಬಿಳಿ ಕೂದಲು

ನನ್ನ ಕಸುಬು ಕೂದಲು. ಹೆಂಗಸರು ತಲೆ ಬಾಚಿದ ಮೇಲೆ ಬಾಚಣಿಗೆಯಲ್ಲಿ ಉಳಿದದ್ದನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲೋ ಬಚ್ಚಲಿನ ಮಾಡದಲ್ಲೋ ತುರುಕಿರುತ್ತಾರಲ್ಲ, ಅದನ್ನು ಓಣಿ ಓಣಿ ಕೂಗಿ ಕೇಳಿ ತರುತ್ತೇನೆ. ಬದಲಿಗೆ ಪಿನ್ನು, ರಿಬ್ಬನ್ನು, ಉಂಡೆ ದೊಡ್ಡದಿದ್ದರೆ ಒಂದು ಸ್ಟೀಲ್ ಡಬ್ಬಿ ಕೊಡುತ್ತೇನೆ. ತಂದದ್ದನ್ನು ದಬ್ಬಣದಿಂದ ಬಿಡಿಸಿ, ಅಂಟುವಾಳದ ನೊರೆಯಲ್ಲಿ ತೊಳೆದು, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು, ಉದ್ದ ಬೇರೆ ಗಿಡ್ಡ ಬೇರೆ ಮಾಡಿ ವ್ಯಾಪಾರಿಗೆ ಕೊಡುತ್ತೇನೆ. ಒಳ್ಳೆಯ ಉದ್ದದ್ದು ಸಿಕ್ಕರೆ ಮಾರುವುದಿಲ್ಲ, ಚೌರಿ ಕಟ್ಟುತ್ತೇನೆ. ಜಡೆ ಗಿಡ್ಡ ಇರುವವರು ಚೌರಿ ಸೇರಿಸಿ ಹೆಣೆದುಕೊಂಡರೆ ಸೊಂಟದವರೆಗೆ ಇಳಿಯುತ್ತದೆ. ಮದುವೆಯ ತಿಂಗಳಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಕೇಳಿಕೊಂಡು ಕೊಟ್ಟೂರಿಗೆ ಬರುತ್ತಾರೆ. ಬಂದವರು ಜೋರಾಗಿ ಮಾತನಾಡುವುದಿಲ್ಲ. ಚೌರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗುತ್ತಾರೆ.

ಹೊಲಸು ಕೆಲಸ ಎಂದು ಜನ ಅಂದುಕೊಳ್ಳುತ್ತಾರೆ. ಹೊಲಸೇ. ಅನ್ನದಲ್ಲಿ ಒಂದು ಎಳೆ ಕೂದಲು ಸಿಕ್ಕರೆ ತಟ್ಟೆ ಸರಿಸುವ ಜನ, ಕೂದಲಿನ ಚೀಲದ ಪಕ್ಕ ಕೂತು ರೊಟ್ಟಿ ತಿನ್ನುವವಳನ್ನು ಏನೆಂದು ತಿಳಿಯಬೇಕು?

ನನ್ನ ತುರುಬು ನನ್ನ ಅಂಗಡಿಯ ಬೋರ್ಡು ಇದ್ದ ಹಾಗೆ. ಕರ್ರಗೆ, ದಪ್ಪಗೆ, ಮುಷ್ಟಿಯಲ್ಲಿ ಹಿಡಿಯಲಾಗದಷ್ಟು. ಮುಂದಿನ ನಾಲ್ಕು ಎಳೆಗೆ ಬಣ್ಣ ಹಚ್ಚುತ್ತೇನೆ. ತುರುಬು ಮಾತ್ರ ಚೌರಿ. ವಯಸ್ಸಿದ್ದಾಗ ಉದುರಿದ ನನ್ನದೇ ಕೂದಲನ್ನು ಕೂಡಿಟ್ಟು ಕಟ್ಟಿದ್ದು. ಅದರ ಕೆಳಗೆ ಏನೂ ಇಲ್ಲ. ನೆತ್ತಿ ಕೊಬ್ಬರಿ ಬಟ್ಟಲಿನ ಹಾಗೆ. ಇದು ಮನೆಯಲ್ಲಿ ಸೊಸೆಗೂ ಗೊತ್ತಿರಲಿಲ್ಲ, ಹಗರಿಬೊಮ್ಮನಹಳ್ಳಿಯಲ್ಲಿರುವ ಮಗಳಿಗೂ ಗೊತ್ತಿರಲಿಲ್ಲ. ಎರೆದುಕೊಳ್ಳುವಾಗ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತೇನೆ. ಮಲಗುವಾಗಲೂ ಬಿಚ್ಚುವುದಿಲ್ಲ.

ಮಗಳಿಗೆ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಕೆಲಸ. ಅವಳ ಮಗಳು, ನನ್ನ ಮೊಮ್ಮಗಳು, ಅಲ್ಲೇ ಹೈಸ್ಕೂಲು ಓದುತ್ತಾಳೆ. ಹೋದ ವರ್ಷ ಅವಳಿಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟ ಮೇಲೆ ಕೂದಲು ಹಿಡಿ ಹಿಡಿಯಾಗಿ ಬರತೊಡಗಿತು. ಕಡೆಗೆ ಮಗಳು ಪೂರ್ತಿ ಬೋಳಿಸಿದಳು. ನೋಡಲು ಹೋದಾಗ ಹುಡುಗಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. “ಬೋಳು ತಲಿಗೆ ಯಾರೂ ಸತ್ತಿಲ್ಲ. ಏಳು, ಮುಖ ತೊಳಿ,” ಎಂದು ಹೇಳಿ ಬಂದೆ. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಹೇಳುವಾಗ ನನ್ನ ತುರುಬು ನನ್ನ ತಲೆಯ ಮೇಲೆಯೇ ಇತ್ತು.

ಶಾಲೆಯಲ್ಲಿ ಹುಡುಗಿಯರು ಅವಳನ್ನು “ಬೋಡಿ, ಬೋಡಿ” ಎಂದರಂತೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಳಂತೆ. ಈಗ ಕಿವಿಯವರೆಗೆ ಬಂದಿದೆ, ಗಿಡ್ಡ ಗಿಡ್ಡಗೆ, ಮುಳ್ಳುಹಂದಿಯ ಹಾಗೆ.

ಈ ವರ್ಷ ಶಾಲೆಯ ದಿನಾಚರಣೆಗೆ ಚರಿತ್ರೆಯ ಟೀಚರಮ್ಮ ಒಂದು ಆಟ ಕಟ್ಟಿಸಿದರು. ದೇಶದೇಶದ ರಾಣಿಯರು ಒಬ್ಬೊಬ್ಬರಾಗಿ ಬಂದು ತಮ್ಮ ಸಂಗತಿ ಹೇಳಿಕೊಳ್ಳುವ ಆಟ. ಉದ್ದ ಜಡೆಯವರೆಲ್ಲ ನಮ್ಮ ಕಡೆಯ ರಾಣಿಯರಾದರು. ರೋಮಿನ ರಾಣಿಯನ್ನು ಟೀಚರಮ್ಮ ನನ್ನ ಮೊಮ್ಮಗಳಿಗೆ ಕೊಟ್ಟರು. ಹಿಂದಿನ ಕಾಲದಲ್ಲಿ ರೋಮಿನ ದೊಡ್ಡ ಮನೆಯ ಹೆಂಗಸರು ಪರರ ಕೂದಲನ್ನು ಇಟ್ಟುಕೊಳ್ಳುತ್ತಿದ್ದರಂತೆ, ಅದೇ ಅವರಿಗೆ ದೊಡ್ಡಸ್ತಿಕೆಯಂತೆ. ಆ ಟೀಚರಮ್ಮನ ಮನಸ್ಸು ಒಳ್ಳೆಯದು.

ಹುಡುಗಿ ನನಗೆ ಫೋನು ಮಾಡಿದಳು. “ಅಜ್ಜಿ, ನೀನು ಚೌರಿ ಕಟ್ತೀಯಲ್ಲ. ನನಗೊಂದು ತಲಿ ಕಟ್ಟಿ ಕೊಡ್ತೀಯೇನು?”

ನನ್ನ ಕೆಲಸದ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಹಗರಿಬೊಮ್ಮನಹಳ್ಳಿಯ ಓಣಿಯಲ್ಲಿ ನಾನು ಚೀಲ ಹೊತ್ತು ಕೂಗುತ್ತಾ ಬರುವುದು ಕಂಡರೆ ಅವಳು ರಸ್ತೆಯ ಆ ಕಡೆಗೆ ದಾಟುತ್ತಿದ್ದಳು. ಜೊತೆಯ ಹುಡುಗಿಯರು ಇದ್ದರಂತೂ ಕತ್ತು ತಿರುಗಿಸಿಬಿಡುತ್ತಿದ್ದಳು. ನಾನೂ ಅವಳು ಹೋಗುವವರೆಗೆ ಕೂಗು ನಿಲ್ಲಿಸಿ ರಿಬ್ಬನ್ನು ಸರಿಮಾಡುತ್ತ ನಿಲ್ಲುತ್ತಿದ್ದೆ. ಅವಳ ಅಮ್ಮನೇ ನೆರೆಮನೆಯವರಿಗೆ “ನಮ್ಮವ್ವ ಫ್ಯಾನ್ಸಿ ವ್ಯಾಪಾರ ಮಾಡ್ತಾಳ” ಎಂದು ಹೇಳಿದ್ದಾಳೆ. ಅದರಲ್ಲಿ ಹುಡುಗಿಯದೇನು ತಪ್ಪು?

ಭಾನುವಾರ ಅಮ್ಮನ ಫೋನು ಹಿಡಿದುಕೊಂಡು ಕೊಟ್ಟೂರಿಗೆ ಬಂದಳು. ಒಂದು ಚಿತ್ರ ತೋರಿಸಿದಳು. ಬರೀ ಕತ್ತು, ಮುಖ, ತಲೆ. ಹಣೆಯ ಮೇಲೆ ಅರ್ಧ ಮೊರ ನಿಲ್ಲಿಸಿದ ಹಾಗೆ ಕೂದಲು ಎದ್ದು ನಿಂತಿತ್ತು. ಅದರ ತುಂಬ ಸಣ್ಣ ಸಣ್ಣ ಸುರುಳಿ, ಜೇನುಹುಟ್ಟಿನ ಕಣ್ಣುಗಳ ಹಾಗೆ. ಹಿಂದೆ ಜಡೆಗಳನ್ನು ಸುತ್ತಿ ಸುತ್ತಿ ಕೊಡ ಹೊರುವ ಸಿಂಬಿಯ ಹಾಗೆ ಕೂರಿಸಿದ್ದರು. ಕಟ್ಟಿದವಳು ಯಾರೋ, ಕೈ ಚೆನ್ನಾಗಿತ್ತು.

“ಇಕಿ ಯಾರಲೇ, ಇಷ್ಟು ಬೆಳ್ಳಗ ಅದಾಳ?”

“ರೋಮಿನ ರಾಣಿ. ಎರಡು ಸಾವಿರ ವರ್ಷದ ಹಿಂದಿನಾಕಿ.”

“ಆವಾಗ ಫೋಟೋ ಯಾರು ತೆಗದ್ರು?”

“ಅಯ್ಯೋ ಅಜ್ಜಿ, ನೀನು ಕೂದಲ ನೋಡು. ಕಟ್ಟಾಕ ಬರ್ತೈತೋ ಇಲ್ಲೋ ಹೇಳು.”

“ಬರದ ಏನು? ಜೇನುಹುಟ್ಟು, ಸಿಂಬಿ. ತಲಿ ಕೊಡು ಇಲ್ಲಿ.”

ದಾರ ಸುತ್ತಿ ತಲೆಯ ಅಳತೆ ತೆಗೆದುಕೊಂಡೆ. ಹೋಗುವಾಗ ಅವಳು ಹೇಳಿದಳು. “ಆಟದ ದಿನ ಗೇಟಿನ ಹತ್ರ ತಂದು ಕೊಡು ಅಜ್ಜಿ. ಚೀಲ ತರಬ್ಯಾಡ. ಒಳಗ ಬರಬ್ಯಾಡ.” ಆಮೇಲೆ ಸ್ವಲ್ಪ ಮೆತ್ತಗಾಗಿ, “ಚಲೋ ಆಗ್ಬೇಕಜ್ಜಿ. ಈ ಸಲ ಯಾರೂ ನಗಬಾರದು,” ಎಂದಳು.

ಈಗ ನನ್ನ ಬುದ್ಧಿ ಎಲ್ಲಿ ಹೋಯಿತು ನೋಡಿ. ಚಿತ್ರದಲ್ಲಿ ಕೂದಲು ಬೆಳ್ಳಗಿತ್ತು. ಮುಖವೂ ಬೆಳ್ಳಗಿತ್ತು. ಹಂಪಿಗೆ ಹೋದಾಗ ಪರದೇಶದ ಹೆಂಗಸರನ್ನು ನೋಡಿದ್ದೇನೆ. ವಯಸ್ಸಿನ ಹುಡುಗಿಯರಿಗೂ ಮೆಕ್ಕೆಜೋಳದ ತೆನೆಯ ಎಳೆಯ ಹಾಗೆ ಬಿಳಿಚಿಕೊಂಡ ಕೂದಲು. ಆ ದೇಶದವರಿಗೆ ಹುಟ್ಟಿನಿಂದಲೇ ಹಾಗಿರುತ್ತದೆ ಎಂದು ಆಗಲೇ ತಿಳಿದುಕೊಂಡಿದ್ದೆ. ಅದು ಕಲ್ಲಿರಬಹುದು ಎಂದು ತಲೆಗೆ ಹೊಳೆಯಲೇ ಇಲ್ಲ. ನಾನು ಕಂಡ ಕಲ್ಲಿನ ಹೆಂಗಸರೆಲ್ಲ ಕರಿ. ನೀಲಗುಂದದ ಗುಡಿಯಲ್ಲಿ ನೋಡಿ, ಎಣ್ಣೆ ಹಚ್ಚಿದ ಹಾಗೆ ಕರ್ರಗೆ ಇದ್ದಾರೆ. ಬಿಳಿ ಕಲ್ಲಿನಲ್ಲಿ ಹೆಂಗಸಿನ ಮುಖ ಕೊರೆಯುತ್ತಾರೆಂದು ನನಗೆ ಯಾರು ಹೇಳಿದ್ದರು?

ಬಿಳಿ ಕೂದಲು ನಮ್ಮ ವ್ಯಾಪಾರದಲ್ಲಿ ಕಸ. ಕರಿಯದರಲ್ಲಿ ಬಿಳಿ ಎಳೆ ಬೆರೆತರೆ ವ್ಯಾಪಾರಿ ಉಂಡೆಯನ್ನು ಮುಖಕ್ಕೇ ಎಸೆಯುತ್ತಾನೆ. ಇಷ್ಟು ವರ್ಷ ಬಿಳಿ ಎಳೆ ಹೆಕ್ಕಿ ಹೆಕ್ಕಿ ಬಿಸಾಡಿದವಳು, ಈಗ ಕರಿಯದನ್ನು ಬಿಸಾಡಿ ಬಿಳಿಯದನ್ನು ಉಳಿಸಿಕೊಂಡು ಕೂತೆ. ಸಾಲಲಿಲ್ಲ. ಮುದುಕಿಯರಿರುವ ಮನೆಗಳಿಗೆ ಹೋಗಿ ಬಾಯಿಬಿಟ್ಟು ಕೇಳತೊಡಗಿದೆ.

ಕೊಟ್ಟೂರಿನಲ್ಲೇ ಒಂದು ಓಣಿಯಲ್ಲಿ ನನಗಿಂತ ಹಿರಿಯಳೊಬ್ಬಳಿದ್ದಾಳೆ. ಗಂಡ ಸತ್ತು ಬಹಳ ಕಾಲವಾಗಿದೆ, ಮಕ್ಕಳು ಮೊಮ್ಮಕ್ಕಳ ಜೊತೆ ಜೋರಾಗಿಯೇ ಇದ್ದಾಳೆ. ತಲೆಯ ತುಂಬ ಹತ್ತಿಯಂಥ ಕೂದಲು.

“ಬಿಳೀದು ಐತೇನಬೇ?” ಎಂದು ಕೇಳಿದೆ.

“ಬಿಳೀದು ಯಾರಿಗೆ ಬೇಕಲೇ? ಯಮ ಹೇಳಿ ಕಳಿಸ್ಯಾನೇನು?”

“ರಾಣಿಗೆ ಬೇಕು. ರೋಮಿನ ರಾಣಿ. ನನ್ನ ಮೊಮ್ಮಗಳು ಆಟದಾಗ ರಾಣಿ ಆಗ್ಯಾಳ.”

ಅವಳು ನಗಲಿಲ್ಲ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಪೂರ್ತಿ ಕೇಳಿದಳು. ಆಮೇಲೆ ಒಳಗೆ ಹೋಗಿ ಕತ್ತರಿ ತಂದು ತುರುಬು ಬಿಚ್ಚಿದಳು. ಭುಜಕ್ಕೂ ಕೆಳಗೆ ಬಂತು.

“ಏ, ಬ್ಯಾಡಬೇ. ಉದುರಿದ್ದು ಸಾಕು.”

“ಉದುರಿದ್ದು ನಿನ್ನ ವ್ಯಾಪಾರಿಗೆ ಕೊಡು. ರಾಣಿ ತಲಿಗೆ ಅಂದ್ರ ಉದುರಿದ್ದು ಯಾಕ? ಹಿಡಿ.”

ಅವಳ ಸೊಸೆ ಒಳಗಿನಿಂದ ಓಡಿ ಬಂದು, “ಅತ್ತೀ, ಏನ್ ಮಾಡಾಕತ್ತೀರಿ?” ಎನ್ನುವಷ್ಟರಲ್ಲಿ ಕರಕರ ಎಂದು ಕತ್ತರಿಸಿ ನನ್ನ ಮಡಿಲಿಗೆ ಹಾಕಿದ್ದಳು. ಡಬ್ಬಿ ಕೊಡಹೋದರೆ ಕೈ ತಳ್ಳಿದಳು. “ಡಬ್ಬಿ ಬ್ಯಾಡ. ಹೆಂಗ ಕಾಣ್ತು ಅಂತ ಬಂದು ಹೇಳು. ಅಷ್ಟು ಮಾಡು,” ಎಂದಳು. ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂರುವ ಹೆಂಗಸಿಗೆ ಅದೊಂದು ಸುದ್ದಿ ಬೇಕಾಗಿತ್ತು.

ಕಟ್ಟಿದೆ. ತೊಳೆದ ಕೂದಲನ್ನು ಒದ್ದೆಯಿರುವಾಗಲೇ ಬಿದಿರು ಕಡ್ಡಿಗೆ ಸುತ್ತಿ, ಅಗಸೆ ಬೀಜ ಬೇಯಿಸಿದ ಲೋಳೆ ಹಚ್ಚಿ, ಮಾಳಿಗೆಯ ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಕಡ್ಡಿ ಎಳೆದರೆ ಸುರುಳಿ ಸುರುಳಿಯಾಗಿ ನಿಂತಿತು. ತಂತಿಯನ್ನು ಅರ್ಧ ಮೊರದ ಹಾಗೆ ಬಗ್ಗಿಸಿ, ಬಟ್ಟೆ ಹೊಲಿದು, ಒಂದೊಂದೇ ಸುರುಳಿಯನ್ನು ಸೂಜಿಯಿಂದ ಕೂರಿಸಿದೆ. ಹಿಂದಿನ ಸಿಂಬಿಗೆ ಆ ಮುದುಕಿಯ ಜಡೆ. ಮುಗಿದ ಮೇಲೆ ಮೊಣಕಾಲಿನ ಮೇಲೆ ಇಟ್ಟುಕೊಂಡು ನೋಡಿದೆ. ಬೆಳ್ಳಿಯ ಕಿರೀಟದ ಹಾಗೆ ಹೊಳೆಯಿತು. ಇಷ್ಟು ಚೆಂದದ್ದನ್ನು ಎಂದೂ ಕಟ್ಟಿರಲಿಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ. ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಆಟದ ದಿನ ಮಧ್ಯಾಹ್ನ ಗೇಟಿನ ಹತ್ತಿರ ನಿಂತೆ. ಒಗೆದ ಸೀರೆ ಉಟ್ಟಿದ್ದೆ, ಚೀಲ ತಂದಿರಲಿಲ್ಲ. ಕಟ್ಟಿದ್ದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಬಟ್ಟೆ ಮುಚ್ಚಿದ್ದೆ. ಹುಡುಗಿ ಬಿಳಿ ಸೀರೆಯನ್ನು ಎರಡೂ ಭುಜಕ್ಕೆ ಸುತ್ತಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಓಡಿ ಬಂದಳು. ಡಬ್ಬಿ ಇಸಕೊಂಡು, “ಆಮ್ಯಾಲೆ ಸಿಗ್ತೀನಿ ಅಜ್ಜಿ,” ಎಂದು ಒಳಗೆ ಓಡಿದಳು. ಬಿಚ್ಚಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಹತ್ತಿರದ ಕೋಣೆಯಿಂದ ನಗು ಕೇಳಿತು. ಒಬ್ಬಳ ನಗುವಲ್ಲ, ಕೋಣೆ ತುಂಬ ನಗು. “ಏ, ರಾಣಿಗೆ ಪಿಂಚಣಿ ಬರ್ತೈತೇನಲೇ!” ಎಂದು ಒಬ್ಬಳು. “ಬೋಡಿ ಹೋಗಿ ಮುದುಕಿ ಆದ್ಲು!” ಎಂದು ಇನ್ನೊಬ್ಬಳು. ಒಳಗೆ ಬರಬೇಡ ಎಂದಿದ್ದಳು. ಆದರೂ ಹೋದೆ.

ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ತಲೆಯ ಮೇಲೆ ನಾನು ಕಟ್ಟಿದ ಬಿಳಿ ಜೇನುಹುಟ್ಟು. ಎಳೆಯ ಮುಖಕ್ಕೆ ಅದು ಎಷ್ಟು ಕೆಟ್ಟದಾಗಿ ಕಂಡಿತೆಂದರೆ, ನನಗೂ ತಡೆಯಲಾಗಲಿಲ್ಲ, ಕಣ್ಣು ಬೇರೆ ಕಡೆ ಮಾಡಿದೆ.

“ಬಿಳೀದು ಯಾಕ ಮಾಡಿದಿ ಅಜ್ಜಿ? ಬಿಳೀದು ಯಾಕ?”

“ಚಿತ್ರದಾಗ ಬೆಳ್ಳಗ ಇತ್ತಲ್ಲಬೇ.”

ಟೀಚರಮ್ಮ ಬಂದರು. ನೋಡಿದರು. ಅವರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಅಜ್ಜಿ, ಅದು ಕಲ್ಲಿನ ಮೂರ್ತಿ ರಿ. ಬಿಳಿ ಕಲ್ಲು. ಮೊದಲು ಬಣ್ಣ ಇರ್ತಿತ್ತು, ಹೋಗೇತಿ. ಆ ರಾಣಿಗೆ ವಯಸ್ಸಿನ್ನೂ ಚಿಕ್ಕದು.”

“ಕಲ್ಲು ಅಂತ ಮೊದಲೇ ಹೇಳಬಾರದೇನ್ರಿ?” ಎಂದೆ. ಅದೂ ಜೋರಾಗಿಯೇ ಅಂದೆ. ತಪ್ಪು ನನ್ನದೇ ಆದಾಗ ನನ್ನ ದನಿ ಏರುತ್ತದೆ.

ಯಾರೋ ಹುಡುಗಿ, “ಬೂಟಿನ ಪಾಲಿಶ್ ಹಚ್ರಿ ಮಿಸ್,” ಎಂದಳು. ಮತ್ತೆ ನಗು. ಮೊಮ್ಮಗಳು ತಲೆಯಿಂದ ಅದನ್ನು ಕಿತ್ತು ಬೆಂಚಿನ ಮೇಲೆ ಇಟ್ಟಳು. “ನಾನು ಹೋಗಂಗಿಲ್ಲ ಮಿಸ್. ಮತ್ತ ನಗ್ತಾರ. ನನ್ನ ಕೈಲೆ ಆಗಂಗಿಲ್ಲ,” ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು.

“ಇಕಿ ಸರದಿ ಯಾವಾಗ ಐತ್ರಿ?” ಎಂದು ಟೀಚರಮ್ಮನನ್ನು ಕೇಳಿದೆ.

“ಕಡೀಗೆ ಐತ್ರಿ. ಇನ್ನೂ ಹೊತ್ತೈತಿ.”

“ಹಂಗಾದ್ರ ಈ ಹುಡುಗ್ಯಾರನ್ನ ಹೊರಗ ಕಳಸ್ರಿ.”

ಕಳಿಸಿದರು. ಕಳಿಸಿದರೇನು, ಕಿಟಕಿಯ ಸರಳಿಗೆಲ್ಲ ಮುಖಗಳು. ಬಾಗಿಲು ಹಾಕಿಕೊಂಡೇ ಎರೆದುಕೊಳ್ಳುವವಳು ನಾನು. ಒಮ್ಮೆ ಸೆರಗಿನಿಂದ ತಲೆ ಮುಚ್ಚಿಕೊಂಡೆ, ಮತ್ತೆ ತೆಗೆದೆ. ಸೆರಗು ಹೊದ್ದರೆ ಪಿನ್ನು ಕೈಗೆ ಸಿಗುವುದಿಲ್ಲ. ಪಿನ್ನು ಕಿತ್ತು, ದಾರ ಎಳೆದು ತುರುಬು ಬಿಚ್ಚಿದೆ. ನೆತ್ತಿಗೆ ಗಾಳಿ ತಾಗಿತು. ಕಿಟಕಿಯಲ್ಲಿ ಯಾರೋ, “ಅಯ್ಯ!” ಎಂದರು. ಅದೊಂದೇ ಮಾತು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಹುಡುಗಿ ನನ್ನ ತಲೆಯನ್ನೇ ನೋಡುತ್ತಿದ್ದಳು.

“ಅಜ್ಜಿ, ನಿನಗೂ ಇಲ್ಲೇನು?”

“ಇಲ್ಲ. ಕುಂದ್ರು ಸುಮ್ಮನ.”

ಅವಳು ಕೂತಳು. ಬೆಂಚಿನ ಮೇಲಿದ್ದ ಬಿಳಿಯದನ್ನು ಮತ್ತೆ ಅವಳ ತಲೆಗೆ ಇಟ್ಟೆ. ನಾನು ಚೌರಿಯ ಗಂಟು ಬಿಚ್ಚಿ, ಎಳೆಗಳನ್ನು ಹಿಡಿ ಹಿಡಿಯಾಗಿ ಪಾಲು ಮಾಡಿ, ಟೀಚರಮ್ಮನ ಪೆನ್ನಿಗೆ ಬಿಗಿಯಾಗಿ ಸುತ್ತಿ ಸುರುಳಿ ತೆಗೆದು, ಮುಂದಿನ ಬಿಳಿಯ ಮೇಲೆ ಕರಿಯದನ್ನು ಹೊಲಿಯತೊಡಗಿದೆ. ಸೂಜಿ ದಾರ ನನ್ನ ಸೊಂಟದ ಚೀಲದಲ್ಲಿ ಯಾವಾಗಲೂ ಇರುತ್ತದೆ. ನೀರು ಹಚ್ಚಿದೆ, ಲೋಳೆ ಇಲ್ಲ. ಎಷ್ಟು ಹೊತ್ತು ನಿಲ್ಲುತ್ತದೋ ನಿಲ್ಲಲಿ.

ಟೀಚರಮ್ಮ ದಾರ ಪೋಣಿಸಿ ಕೊಡುತ್ತ ಮಾತನಾಡಿದರು. ಸುಮ್ಮನಿರಲು ಅವರಿಗೂ ಕಷ್ಟವಾಗಿತ್ತೇನೋ. ಆ ರೋಮಿನಲ್ಲಿ ಕಬ್ಬಿಣದ ಕಡ್ಡಿಯನ್ನು ಬೂದಿಯಲ್ಲಿ ಕಾಯಿಸಿ ಸುರುಳಿ ಮಾಡುತ್ತಿದ್ದರಂತೆ. ಮಾಡುವವರು ಮನೆಯ ದಾಸಿಯರಂತೆ, ಒಂದು ಸುರುಳಿ ಜಾರಿದರೆ ಒಡತಿ ಹೊಡೆಯುತ್ತಿದ್ದಳಂತೆ. ಯುದ್ಧದಲ್ಲಿ ಸೋತ ದೇಶದ ಹೆಂಗಸರ ಹೊಂಬಣ್ಣದ ಕೂದಲು ಕತ್ತರಿಸಿ ತರುತ್ತಿದ್ದರಂತೆ. ಕರಿ ಕೂದಲು ನಮ್ಮ ದೇಶದಿಂದಲೇ ಹಡಗಿನಲ್ಲಿ ಹೋಗುತ್ತಿತ್ತಂತೆ.

“ಈ ಮಾತು ಮೊದಲೇ ಹೇಳಿದ್ರ ಚೀಲದ ತುಂಬ ಕರೀದು ಇತ್ತಲ್ರಿ ನನ್ನ ಮನಿಯಾಗ,” ಎಂದೆ. ಅವರು ತಲೆ ತಗ್ಗಿಸಿದರು. ಅವರನ್ನು ನೋಯಿಸುವ ಅಗತ್ಯವಿರಲಿಲ್ಲ.

ಆ ರೋಮಿನ ಕಾಲದಲ್ಲೂ ನಮ್ಮ ಕಡೆಯ ಯಾವಳೋ ಒಬ್ಬಳು ಓಣಿಯಲ್ಲಿ ಕೂಗಿಕೊಂಡು ಹೋಗಿ ಕೇಳಿಯೇ ತಂದಿರಬೇಕು. ಹಡಗಿಗೆ ಕೂದಲು ತಾನಾಗಿ ಹತ್ತುವುದಿಲ್ಲ. ಅವಳ ಮೊಮ್ಮಗಳು ಯಾವ ರಸ್ತೆ ದಾಟಿದಳೋ.

ಹುಡುಗಿ ಕತ್ತು ಅಲುಗಿಸದೆ ಕೂತೇ ಕೇಳಿದಳು. “ನಾನು ಬೋಳಾಗಿ ಅಳಾಕತ್ತಿದ್ದಾಗ ನನಗ ಬೈದಿ. ಆವಾಗ ಇದನ್ನ ಯಾಕ ತೋರಿಸ್ಲಿಲ್ಲ?”

ಇನ್ನೊಂದು ಸುರುಳಿ ಕೂರಿಸಿ ಹೇಳಿದೆ.

“ನಾಚಿಕಿ ಬರ್ತಿತ್ತು.”

“ನನ್ನ ಮುಂದೂ?”

“ನಿನ್ನ ಮುಂದ ಜಾಸ್ತಿ.”

ಅವಳು ಮುಂದಿನ ಸುರುಳಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ನನ್ನ ಕೂದಲು ಮುಂದಿನ ಜೇನುಹುಟ್ಟಿಗೆ ಮಾತ್ರ ಸಾಕಾಯಿತು. ಹಿಂದಿನ ಸಿಂಬಿ ಬಿಳಿಯಾಗಿಯೇ ಉಳಿಯಿತು. ಆ ದೇಶದ ಹೆಂಗಸರೂ ಸೆರಗು ಹೊದೆಯುತ್ತಿದ್ದರು ಎಂದು ಟೀಚರಮ್ಮ ಹೇಳಿದರು. ಸೀರೆಯ ತುದಿಯನ್ನು ಸಿಂಬಿಯ ಮೇಲೆ ಎಳೆದು ಪಿನ್ನು ಹಾಕಿದೆವು. ಬಿಳಿ ಮುಚ್ಚಿಹೋಯಿತು.

ಅವಳ ಸರದಿ ಬಂದಾಗ ನಾನು ಜನರ ಹಿಂದೆ ನೀರಿನ ಟ್ಯಾಂಕಿನ ಹತ್ತಿರ ನಿಂತು ನೋಡಿದೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದೆ. ಅವಳು ಕತ್ತು ನೆಟ್ಟಗಿಟ್ಟುಕೊಂಡು ಮೆಲ್ಲಗೆ ನಡೆದು ಬಂದಳು. ಒಂದು ಹೊಲಿಗೆ ಸಡಿಲಿತ್ತು, ಬೀಳುತ್ತದೆ ಎಂಬ ಹೆದರಿಕೆಗೆ ಹಾಗೆ ನಡೆದಳು. ಜನಕ್ಕೆ ಅದು ರಾಣಿಯ ನಡಿಗೆಯಾಗಿ ಕಂಡಿತು. ಗಂಡು ಹುಡುಗರ ಕಡೆಯಿಂದ ಒಬ್ಬ, “ಹೋಯ್, ಜೇನು ಹಾರತೈತಿ!” ಎಂದು ಕೂಗಿದ. ಸ್ವಲ್ಪ ನಗು ಎದ್ದಿತು. ಅವಳು ಅವನ ಕಡೆ ನೋಡಿ, ನಗು ನಿಲ್ಲುವವರೆಗೆ ಕಾದು, ಆಮೇಲೆ ಮಾತು ಶುರುಮಾಡಿದಳು. “ನಾನು ರೋಮಿನ ರಾಣಿ. ನನ್ನ ತಲೆಯ ಮೇಲಿರುವುದು ನನ್ನ ಕೂದಲಲ್ಲ,” ಎಂದಳು. ಟೀಚರಮ್ಮ ಹಾಗೆಯೇ ಬರೆದುಕೊಟ್ಟಿದ್ದರಂತೆ. ನನಗೆ ಮಾತ್ರ ಸೆರಗು ಇನ್ನಷ್ಟು ಕೆಳಗೆ ಎಳೆದುಕೊಳ್ಳಬೇಕೆನಿಸಿತು.

ಮರುದಿನ ಸೂಟಿ ಇತ್ತು. ಜೊತೆಯಲ್ಲಿ ಕರೆದುಕೊಂಡು ಹೋಗು ಎಂದು ಮಗಳು ಮೊದಲೇ ಹೇಳಿದ್ದಳು. ಆಟ ಮುಗಿದ ಸಂಜೆಯೇ ಇಬ್ಬರೂ ಕೊಟ್ಟೂರಿನ ಬಸ್ಸು ಹತ್ತಿದೆವು. ರಟ್ಟಿನ ಡಬ್ಬಿ ಅವಳ ತೊಡೆಯ ಮೇಲೆ. ಚೌರಿ ಅದಕ್ಕೇ ಹೊಲಿದುಹೋಗಿತ್ತು, ಬಿಚ್ಚಿ ಮತ್ತೆ ಕಟ್ಟಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ನನ್ನ ತಲೆ ಹೀಗೆಯೇ. ಮುಂದಿನ ಸೀಟಿನಲ್ಲಿ ಅವಳ ಶಾಲೆಯ ಇಬ್ಬರು ಹುಡುಗಿಯರು ಕೂತಿದ್ದರು. ಕಿಟಕಿಯಲ್ಲಿ ಮುಖವಿಟ್ಟವರಲ್ಲಿ ಇವರೂ ಇದ್ದರು. ಬೇರೆ ಸೀಟು ಖಾಲಿ ಇತ್ತು. ಹುಡುಗಿ ನನ್ನ ಪಕ್ಕದಲ್ಲೇ ಕೂತಳು.

ಬಿಳಿ ಜಡೆ ಕತ್ತರಿಸಿ ಕೊಟ್ಟವಳ ಸಂಗತಿಯನ್ನೆಲ್ಲ ಅವಳಿಗೆ ಹೇಳಿ, “ಆ ಮುದುಕಿ ಕೇಳಿದ್ರ ಏನು ಹೇಳ್ಲಿ?” ಎಂದೆ.

“ರಾಣಿ ತಲಿ ಮ್ಯಾಲೆ ಇತ್ತು ಅಂತ ಹೇಳು. ಸುಳ್ಳೇನಲ್ಲ.”

ಊರು ಸೇರಿದ ಮೇಲೆ ಮುದುಕಿಗೆ ಅದನ್ನೇ ಹೋಗಿ ಹೇಳಿದೆ. ಮುದುಕಿ ಬಹಳ ಖುಷಿಪಟ್ಟಳು. “ಮುಂದಿತ್ತೋ, ಹಿಂದಿತ್ತೋ?” ಎಂದು ಕೇಳಿದಳು. ಹಿಂದೆ ಎಂದೆ. ಸೆರಗಿನೊಳಗೆ ಎಂದು ಹೇಳಲಿಲ್ಲ. ಅವಳು ಕತ್ತಿನ ಹಿಂದೆ ಗಿಡ್ಡ ಕೂದಲನ್ನು ಸವರಿಕೊಂಡು ಕೂತಳು. ಅವಳ ಮುಖ ನೋಡಲಾಗದೆ ಎದ್ದು ಬಂದೆ.

ಆ ಸಂಜೆ ಬಸ್ಸು ಹಗರಿಬೊಮ್ಮನಹಳ್ಳಿ ದಾಟಿ ಓಡತೊಡಗಿದಾಗ ಕಿಟಕಿಯಿಂದ ಗಾಳಿ ನುಗ್ಗಿತು. ಸೆರಗು ಹಾರಿತು. ಹಿಡಿದುಕೊಂಡೆ, ಮತ್ತೆ ಹಾರಿತು. ಮುಂದಿನ ಹುಡುಗಿಯರು ತಿರುಗಿ ನೋಡಿದರು. ನನ್ನ ಎರಡೂ ಕೈ ತಲೆಯ ಮೇಲೆ. ಮೊಮ್ಮಗಳು ಡಬ್ಬಿಯನ್ನು ನನ್ನ ಮಡಿಲಿಗೆ ಇಟ್ಟು ಎದ್ದು ನಿಂತಳು. ಗಾಜು ಬಿಗಿದಿತ್ತು. ಎರಡೂ ಕೈ ಹಾಕಿ, ಭುಜ ಒತ್ತಿ ಎಳೆದು ಮುಚ್ಚಿದಳು.

ಹಿಂದಿನ ಸೀಟಿನವನು, “ಏ ತಂಗಿ, ಸೆಕಿ ಆಗ್ತೈತಿ, ತೆಗಿಯವ್ವ,” ಎಂದ.

“ತೆಗಿಯಾಕ ಬರಂಗಿಲ್ರಿ, ಬಿಗಿದೈತಿ,” ಎಂದಳು.

ಕೊಟ್ಟೂರು ಬರುವವರೆಗೆ ಬೆವರು ಸುರಿಸುತ್ತ ಕೂತೆವು. ನಾನೂ ತೆಗಿ ಅನ್ನಲಿಲ್ಲ.